ನಾಲ್ಕನೇ ಜ್ವರ

ಈ ಪ್ರಶ್ನೆಗಳು ಮೊದಲು ಹುಟ್ಟಿದ್ದು ಮೆಕ್ಸಿಕೋದಲ್ಲಂತೆ.
ಅಲ್ಲಿ ಯಾರೋ ಯಾರನ್ನೋ ಕೇಳಿ ಮುಗಿಸಿದ ಮೇಲೆ
ಕನ್ನಡ ಕಲಿತು, ಜೆರಾಕ್ಸ್ ಆಗಿ,
ಶಿಡ್ಲಘಟ್ಟದ ಬಸ್ಸಿನಲ್ಲಿ ನನ್ನ ತೊಡೆಯೇರಿ ಬಂದವು.
'ಸಿಗರೇಟು' ಇದ್ದ ಕಡೆಯೆಲ್ಲ ಹೊಡೆದು
ನೀಲಿ ಪೆನ್ನಿನಲ್ಲಿ 'ಬೀಡಿ' ಅಂತ ಬರೆದಿದ್ದೆ,
ಇನ್ನೂರ ಹನ್ನೊಂದು ಪ್ರತಿ. ಬೆರಳು ನೊಂದಿತ್ತು.

ಮನೆ ನಂಬರು ಎಪ್ಪತ್ತಾರು. ಹೆಸರು ಪಿಳ್ಳಾಂಜಿನಪ್ಪ. ವಯಸ್ಸು,
'ಐವತ್ತೋ ಐವತ್ತೈದೋ, ನೀನೇ ಒಂದು ಹಾಕ್ಕೊಮ್ಮ.'
ಹುಳದ ಮನೆಯಿಂದ ಹದಿನಾರು ಹೆಜ್ಜೆ ದೂರಕ್ಕೆ
ಹುಣಸೆ ಬುಡದಲ್ಲಿ ಅವನ ಕಲ್ಲು,
ಕಲ್ಲಿನ ಸುತ್ತ ಮೋಟುಬೀಡಿ, ಉರಿದ ಕಡ್ಡಿ,
ಇರುವೆಯೂ ಬಳಸಿ ಹೋಗುವ ಜಾಗ.

ದಿನಕ್ಕೆ ಎಷ್ಟು?
'ಕಟ್ಟು ಒಂದು. ಸೊಪ್ಪು ಕೊಯ್ಯೋ ದಿನ ಒಂದೂವರೆ.'
ಬಿಡಲು ಎಂದಾದರೂ ಪ್ರಯತ್ನಿಸಿದ್ದೀರಾ?
ನಕ್ಕ. 'ವರ್ಷಕ್ಕೆ ಆರು ಸಲ ಬಿಡ್ತೀನಿ.'

ನಾಲ್ಕನೇ ಜ್ವರ ಎದ್ದ ಹುಳಕ್ಕೆ
ಹೊಗೆಸೊಪ್ಪಿನ ಗಾಳಿ ಆಗದು.
ಬೆರಳ ಸಂದಿಯಲ್ಲಿದ್ದರೂ ಸಾಕು,
ಎಲೆ ಬಿಟ್ಟು ತಲೆಯೆತ್ತಿ, ಹಸಿರು ಕಕ್ಕಿ,
ಸುರುಟಿಕೊಂಡು ಬಿದ್ದಿರ್ತವೆ ಬೆಳಗಾಗೋ ಹೊತ್ತಿಗೆ.
ಅವರಪ್ಪನ ಕಾಲದಲ್ಲಿ ಒಂದು ಬೆಳೆ ಪೂರ್ತಿ ಹಂಗೇ ಹೋಯಿತು,
ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದು ಇವನೇ, ಎಂಟು ವರ್ಷದವನು.
ಅದಕ್ಕೇ ಆ ಎಂಟು ದಿನ,
ಹುಳ ಹಣ್ಣಾಗಿ ಚಂದ್ರಿಕೆ ಹತ್ತೋವರೆಗೂ,
ಬೀಡಿಕಟ್ಟು ಸೂರಿನ ಗಳುವಿಗೆ ಸಿಕ್ಕಿಸಿಟ್ಟು
ಬ್ಲೀಚಿಂಗ್ ಪೌಡರಿನಲ್ಲಿ ಮೊಳಕೈವರೆಗೂ ತೊಳೆದುಕೊಳ್ಳುತ್ತಾನೆ.

ಕಷ್ಟ ಆಗಲ್ವಾ? ಅಂದೆ. ಇದು ಫಾರಮಿನಲ್ಲಿಲ್ಲದ ಪ್ರಶ್ನೆ.
'ಆಗುತ್ತೆ. ರಾತ್ರಿ ಗೋಡೆ ಕೆರೀತೀನಿ.
ಆದ್ರೆ ಹುಳ ಸಾಯುತ್ತಲ್ಲಮ್ಮ.'

ಒಳಗೆ ಜೋಲಿಯಲ್ಲಿ ಮೊಮ್ಮಗು ಕೆಮ್ಮಿತು.
ಕಲ್ಲಿನಿಂದ ಜೋಲಿಗೆ ನಾಲ್ಕೇ ಹೆಜ್ಜೆ.
ಎಣಿಸಬಾರದು ಅಂದುಕೊಂಡೇ ಎಣಿಸಿದೆ.
ನನ್ನಲ್ಲಿದ್ದದ್ದು ಎರಡು ಚೌಕ: ಹೌದು, ಇಲ್ಲ.
ವರ್ಷದಲ್ಲಿ ನಲವತ್ತೆಂಟು ದಿನದ ಹೌದನ್ನು
ಯಾವುದರಲ್ಲಿ ಕೂರಿಸಲಿ?

ಬಾಯಿ ತಪಾಸಣೆ ಮಾಡಿಸಿದ್ದೀರಾ?
'ಏನೂ ಆಗಿಲ್ವಲ್ಲ, ಮಾಡ್ಸೋಕೆ.'
ಆಮೇಲೆ, ನಾನು ಕೇಳದೆಯೇ, ಮೊಟ್ಟೆಯ ಕತೆ ಹೇಳಿದ:
ಬಿತ್ತನೆ ಕೋಠಿಯಲ್ಲಿ, ಇಟ್ಟಾದ ಮೇಲೆ, ತಾಯಿ ಚಿಟ್ಟೆಯನ್ನು
ಅರೆದು ಗಾಜಿನ ಕೆಳಗಿಟ್ಟು ನೋಡುತ್ತಾರೆ.
ಗಂಟುರೋಗದ ಒಂದು ಕಾಳು ಕಂಡರೂ
ಮೊಟ್ಟೆಗಳೆಲ್ಲ ಬೆಂಕಿಗೆ.
'ತಪಾಸಣೆ ಆಗದಿರೋ ಮೊಟ್ಟೆ
ನಮ್ಮ ಹೊಸಲು ದಾಟಿಲ್ಲ, ಗೊತ್ತಾ,
ಅಪ್ಪ ಹೋದ ಮೇಲೆ ಒಂದ್ಸಲಾನೂ.'
ಎದೆ ಉಬ್ಬಿತ್ತು. ಆಮೇಲೆ ಕೆಮ್ಮಿದ, ಬಹಳ ಹೊತ್ತು.

ಬಾಗಿಲಲ್ಲಿ ಗಂಗುಲಮ್ಮ ಎಲ್ಲ ಕೇಳುತ್ತಿದ್ದಳು.
ದವಡೆಯಲ್ಲಿ ಕಡ್ಡಿಪುಡಿ, ಮಾತಿಗೆ ಮುಂಚೆ ಉಗಿಯಬೇಕು.
ಬೀಡಿ ಸೇದುತ್ತೀರಾ? ಇಲ್ಲ.
ಕಡ್ಡಿಪುಡಿಗೆ ಮೆಕ್ಸಿಕೋದವರು ಜಾಗ ಬಿಟ್ಟಿರಲಿಲ್ಲ,
ಅಂಚಿನಲ್ಲಿ ಅಡ್ಡಡ್ಡ ಬರೆದುಕೊಂಡೆ.
ಬುಧವಾರ ಕ್ಯಾಂಪು, ಇಬ್ಬರೂ ಬನ್ನಿ ಅಂದೆ.
ಎಲ್ಲ ಮನೆಯಲ್ಲೂ ಅನ್ನುವ ಹಾಗೆ.

ಬುಧವಾರ ಅವನು ಬರಲಿಲ್ಲ. ಹುಳ ಹಣ್ಣಾಗಿತ್ತು.
ಅವಳೊಬ್ಬಳೇ ಬಂದಳು, ಮೂರು ಮೈಲಿ ನಡೆದು,
ಕೈಯಲ್ಲಿ ಬ್ಲೀಚಿಂಗ್ ವಾಸನೆ, ತಲೆಯಲ್ಲಿ ಸೊಪ್ಪಿನ ಚೂರು,
ಆಸ್ಪತ್ರೆ ಬೆಂಚಿನ ತುದಿಯಲ್ಲಿ
ಅರ್ಧ ಎದ್ದವಳ ಹಾಗೆ ಕೂತಳು.
ಡಾಕ್ಟರಮ್ಮ ಟಾರ್ಚು ಹಚ್ಚಿದಾಗ
ನನ್ನ ಮಣಿಕಟ್ಟು ಹಿಡಿದು ಕೇಳಿದಳು, ಮೆಲ್ಲಗೆ,
ಮೊದಲೇ ಕೇಳಿ ತಿಳಿದಿರಬೇಕಾದ ದರ ಕೇಳುವ ಹಾಗೆ:
'ನೋಡೋಕೆ ನನ್ನನ್ನ ಅರೆಯಲ್ಲ ತಾನೆ?'

ಇಲ್ಲಮ್ಮ, ಅಂದೆ.
'ಆ' ಅನ್ನಿ.